ಪಾಕ್ ಮುನ್: ನದಿಯ ಬಾಯಿಗೆ ಅಡ್ಡ ಬಂದ ಅಣೆಕಟ್ಟು, ಮೀನಿಗೆ ಕಟ್ಟಿದ ಏಣಿ

ಥಾಯ್ ಭಾಷೆಯಲ್ಲಿ 'ಪಾಕ್' ಅಂದ್ರೆ ಬಾಯಿ. 'ಪಾಕ್ ಮುನ್' ಅಂದ್ರೆ ಮುನ್ ನದಿಯ ಬಾಯಿ, ಅದು ಮೆಕಾಂಗ್ ನದಿಯನ್ನು ಸೇರುವ ಜಾಗ. ಥಾಯ್ಲೆಂಡಿನ ಪೂರ್ವದ ಅಂಚಿನಲ್ಲಿ, ಉಬೋನ್ ರಾಚಥಾನಿ ಪ್ರಾಂತ್ಯದ ಖೋಂಗ್ ಚಿಯಮ್ ಎಂಬ ಊರಿನ ಬಳಿ ಈ ಎರಡು ನದಿಗಳು ಕೂಡುತ್ತವೆ. ಮೆಕಾಂಗ್ ನೀರು ಕೆಸರಿನ ಕಂದು. ಮುನ್ ನೀರು ಅದಕ್ಕಿಂತ ತಿಳಿ, ನೀಲಿ ಛಾಯೆಯದು. ಕೂಡಿದ ಮೇಲೂ ಸ್ವಲ್ಪ ದೂರ ಎರಡೂ ಬಣ್ಣ ಬೇರೆ ಬೇರೆಯಾಗಿಯೇ ಹರಿಯುತ್ತವೆ. ಅದನ್ನು ನೋಡೋಕೆ ಅಂತಲೇ ಜನ ಬರುತ್ತಾರೆ.

ಈ ಸಂಗಮದಿಂದ ಐದೂವರೆ ಕಿಲೋಮೀಟರ್ ಮೇಲೆ, ಮುನ್ ನದಿಗೆ ಅಡ್ಡಲಾಗಿ ಒಂದು ಅಣೆಕಟ್ಟು ಇದೆ. ಎತ್ತರ 17 ಮೀಟರ್, ಉದ್ದ ಸುಮಾರು 300 ಮೀಟರ್, ವಿದ್ಯುತ್ ಸಾಮರ್ಥ್ಯ 136 ಮೆಗಾವಾಟ್. ಕೆಲಸ ಮುಗಿದದ್ದು 1994ರಲ್ಲಿ. ಜಗತ್ತಿನ ಅಣೆಕಟ್ಟುಗಳ ನಡುವೆ ನಿಲ್ಲಿಸಿದರೆ ಇದು ಚಿಕ್ಕದು. ಆದರೂ ಇಷ್ಟು ಚಿಕ್ಕ ಅಣೆಕಟ್ಟಿನ ಬಗ್ಗೆ ಇಷ್ಟು ದೊಡ್ಡ ಜಗಳ ನಡೆದದ್ದು ಅಪರೂಪ. ಆ ಜಗಳದ ನಡುವೆ ಇದ್ದದ್ದು ಮೀನು.

ಅಣೆಕಟ್ಟು ಮತ್ತು ಮೀನಿನ ಮಾತು ಬಂದಾಗ ನಾವು ಸಾಮಾನ್ಯವಾಗಿ ಒಂದೇ ಚಿತ್ರ ಕಾಣುತ್ತೇವೆ. ಮೀನು ಮೇಲಕ್ಕೆ ಹೋಗುತ್ತಿತ್ತು, ಗೋಡೆ ಅಡ್ಡ ಬಂತು. ಹಾಗಿದ್ದರೆ ಒಂದು ಏಣಿ ಕಟ್ಟಿಕೊಟ್ಟರೆ ಆಯ್ತಲ್ವಾ? ಪಾಕ್ ಮುನ್‌ನಲ್ಲಿ ಆ ಏಣಿಯನ್ನೂ ಕಟ್ಟಿದರು. ನಾನು ಈ ಪ್ರಕರಣವನ್ನು ಆರಿಸಿಕೊಂಡದ್ದು ಅದಕ್ಕಾಗಿಯೇ. ದಾರಿ ಕೊಟ್ಟ ಮೇಲೂ ಮೀನು ಯಾಕೆ ಉಳಿಯಲಿಲ್ಲ ಎಂಬುದನ್ನು ಇಲ್ಲಿ ಹಂತ ಹಂತವಾಗಿ ನೋಡಬಹುದು. ಆಮೇಲೆ ಒಂದು ವರ್ಷ ಅಣೆಕಟ್ಟಿನ ಬಾಗಿಲುಗಳನ್ನು ಪೂರ್ತಿ ತೆರೆದಿಟ್ಟಾಗ ಏನಾಯಿತು ಎಂಬುದೂ ಕಣ್ಣ ಮುಂದೆ ಇದೆ. ಇಂಥ ಪರೀಕ್ಷೆ ಹೆಚ್ಚು ಕಡೆ ನಡೆದಿಲ್ಲ.

ಮೊದಲು ನದಿ ಹೇಗಿತ್ತು

ಮುನ್ ಹುಟ್ಟುವುದು ನಾಕೋನ್ ರಾಚಸೀಮಾ ಕಡೆಯ ಬೆಟ್ಟಗಳಲ್ಲಿ. ಅಲ್ಲಿಂದ ಅದು ಇಸಾನ್ ಎಂಬ ಪ್ರಸ್ಥಭೂಮಿಯನ್ನು ದಾಟಿ ಪೂರ್ವಕ್ಕೆ ಹರಿಯುತ್ತದೆ. ದಾರಿಯಲ್ಲಿ ಚಿ ಎಂಬ ಇನ್ನೊಂದು ದೊಡ್ಡ ನದಿ ಬಂದು ಸೇರುತ್ತದೆ. ಇಸಾನ್ ಮಣ್ಣು ಸತ್ವ ಕಡಿಮೆಯದು, ಹಲವು ಕಡೆ ಉಪ್ಪು ಕೂಡ. ಮಳೆ ನಂಬುವ ಹಾಗಿಲ್ಲ. ಅಂಥ ಕಡೆ ನದಿಯ ಮೀನು ಅಂದರೆ ಬಾಯಿಚಪಲದ ಮಾತಲ್ಲ, ಬದುಕಿನ ಆಧಾರ. ಮಳೆಗಾಲದಲ್ಲಿ ಹಿಡಿದ ಮೀನಿಗೆ ಉಪ್ಪು ಹಾಕಿ, ಹುದುಗು ಬರಿಸಿ, ವರ್ಷವಿಡೀ ಇಡುತ್ತಾರೆ. ಅದಕ್ಕೆ 'ಪ್ಲಾ ರಾ' ಎನ್ನುತ್ತಾರೆ. ಗದ್ದೆ ಇಲ್ಲದ ಮೀನುಗಾರ ಕುಟುಂಬಗಳು ಮೀನು ಕೊಟ್ಟು ಅಕ್ಕಿ ತರುತ್ತಿದ್ದವು.

ಮೆಕಾಂಗ್ ಸೇರುವ ಮೊದಲಿನ ಕೊನೆಯ ಹರವಿನಲ್ಲಿ ಮುನ್ ಬಂಡೆಗಳ ಮೇಲೆ ಹರಿಯುತ್ತಿತ್ತು. ಮರಳುಗಲ್ಲಿನ ಹಾಸು, ಅದರಲ್ಲಿ ಕೊರೆದ ಗುಂಡಿಗಳು, ನಡುವೆ ನುಗ್ಗುವ ನೀರು. ಇಂಥ ರಭಸದ ಬಂಡೆ ಜಾಗಕ್ಕೆ ಅಲ್ಲಿನವರು 'ಕೆಂಗ್' ಎನ್ನುತ್ತಾರೆ. ಕೆಂಗ್ ತಾನಾ, ಕೆಂಗ್ ಸಪೂ ಹೆಸರುವಾಸಿ. ಅಣೆಕಟ್ಟಿನಿಂದ ಹಾಳಾದ ಅಥವಾ ಮುಳುಗಿದ ಕೆಂಗ್‌ಗಳ ಸಂಖ್ಯೆಯೇ 50ಕ್ಕೂ ಹೆಚ್ಚು ಎಂದರೆ ಒಟ್ಟು ಎಷ್ಟಿದ್ದಿರಬಹುದು ಎಂದು ಊಹಿಸಬಹುದು.

ಹೊರಗಿನವರಿಗೆ ನದಿ ಅಂದರೆ ಒಂದೇ ನೀರು. ಅಲ್ಲಿನ ಮೀನುಗಾರರಿಗೆ ಹಾಗಲ್ಲ. ಕೆಂಗ್ ಬೇರೆ. 'ವಾಂಗ್' ಬೇರೆ, ಅದು ನಮ್ಮ ಮಡು. 'ದೋನ್' ಅಂದರೆ ನಡುಗಡ್ಡೆ. 'ಹಾತ್' ಅಂದರೆ ಮರಳದಂಡೆ. ಪ್ರವಾಹ ಬಂದಾಗ ಮುಳುಗಿ, ಇಳಿದಾಗ ಮೇಲೆ ಬರುವ ದಂಡೆಯ ಕಾಡಿಗೆ ಇನ್ನೊಂದು ಹೆಸರು. ಯಾವ ಮೀನು ಯಾವ ತಿಂಗಳು ಇದರಲ್ಲಿ ಎಲ್ಲಿ ಇರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಬಲೆ, ಗಾಳ, ಬಿದಿರಿನ ಕೂಳಿ ಎಲ್ಲವನ್ನೂ ಜಾಗಕ್ಕೆ ತಕ್ಕ ಹಾಗೆ ಹೆಣೆಯುತ್ತಿದ್ದರು. ರಭಸದ ನೀರಿಗೆ ಒಡ್ಡುವ ಕೂಳಿಯನ್ನು ನಿಂತ ನೀರಿಗೆ ಇಟ್ಟರೆ ಅದಕ್ಕೆ ಏನೂ ಬೀಳುವುದಿಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಕೆಂಗ್ ಯಾಕೆ ಅಷ್ಟು ಮುಖ್ಯ? ಬಂಡೆಗೆ ಬಡಿದು ಚಿಮ್ಮುವ ನೀರಿನಲ್ಲಿ ಆಮ್ಲಜನಕ ಜಾಸ್ತಿ. ಬಂಡೆಯ ಮೈಗೆ ಪಾಚಿ ಕಟ್ಟುತ್ತದೆ, ಪಾಚಿಯ ನಡುವೆ ಹುಳುಗಳು ಬೆಳೆಯುತ್ತವೆ, ಅದನ್ನು ಕೆರೆದು ತಿನ್ನಲೆಂದೇ ಬಾಯಿ ರೂಪುಗೊಂಡ ಮೀನುಗಳಿವೆ. ಬಂಡೆಯ ಸಂದಿಗಳು ಮೊಟ್ಟೆಗೆ ಮರೆ. ಪಕ್ಕದ ಮಡುಗಳು ಬೇಸಿಗೆಯಲ್ಲಿ ದೊಡ್ಡ ಮೀನಿಗೆ ಆಸರೆ. ಒಟ್ಟಿನಲ್ಲಿ ಕೆಂಗ್ ಅಂದರೆ ಊಟದ ಮನೆ, ಹೆರಿಗೆ ಮನೆ ಎರಡೂ.

ಇನ್ನು ಮೀನಿನ ಓಡಾಟ. ಮೆಕಾಂಗ್ ಕಡೆಯ ಜನ ಮೀನನ್ನು 'ಕಪ್ಪು ಮೀನು', 'ಬಿಳಿ ಮೀನು' ಎಂದು ಎರಡು ಬಗೆ ಮಾಡುತ್ತಾರೆ. ವಿಜ್ಞಾನಿಗಳೂ ಇದೇ ಮಾತನ್ನು ಬಳಸುತ್ತಾರೆ. ಮುರ್ರೆಲ್‌ನಂಥ ಕಪ್ಪು ಮೀನುಗಳು ಕೆಸರಿನ ಹೊಂಡದಲ್ಲೇ ವರ್ಷ ಕಳೆಯುತ್ತವೆ. ಗೆಂಡೆ ಜಾತಿಯ ಬಹಳಷ್ಟು ಮೀನು, ನದಿಯ ಮೀಸೆಮೀನುಗಳು ಬಿಳಿ ಮೀನು. ಇವು ಪ್ರಯಾಣ ಮಾಡುವವು. ಮಳೆಗಾಲ ಶುರುವಾಗಿ ನೀರು ಏರುತ್ತಿದ್ದಂತೆ ಮೆಕಾಂಗ್‌ನಿಂದ ಮುನ್ ನದಿಯ ಬಾಯಿಗೆ ಬಂದು ಮೇಲಕ್ಕೆ ಹತ್ತುತ್ತವೆ. ಮೇಲೆ ಮೊಟ್ಟೆ ಇಡುತ್ತವೆ. ಮರಿಗಳು ಮುಳುಗಿದ ಗದ್ದೆ, ಕಾಡುಗಳಲ್ಲಿ ಮೇದು ಬೆಳೆಯುತ್ತವೆ. ಮಳೆ ಮುಗಿದು ನೀರು ಇಳಿಯುವಾಗ ಮರಿ, ದೊಡ್ಡವು ಎಲ್ಲ ಕೆಳಗಿಳಿದು ಮೆಕಾಂಗ್‌ನ ಆಳದ ಮಡುಗಳಿಗೆ ಮರಳುತ್ತವೆ. ಬೇಸಿಗೆಯಲ್ಲಿ, ಚಂದ್ರನ ಹೆಚ್ಚು ಕಡಿಮೆ ನೋಡಿ ಓಡಾಡುವ ಸಣ್ಣ ಮೀನುಗಳೂ ಮೆಕಾಂಗ್‌ನಲ್ಲಿವೆ.

ಅಣೆಕಟ್ಟಿಗೆ ಮೊದಲು ಮುನ್ ಮತ್ತು ಚಿ ನದಿಗಳಲ್ಲಿ ದಾಖಲಾಗಿದ್ದ ಮೀನಿನ ಜಾತಿಗಳು 265. ಅದರಲ್ಲಿ 77 ವಲಸೆ ಹೋಗುವವು. 35 ಜಾತಿಗಳು ಕೆಂಗ್ ಅನ್ನೇ ನೆಚ್ಚಿಕೊಂಡವು.

ಕಾಗದದ ಮೇಲಿನ ಮೀನು

ಅಣೆಕಟ್ಟು ಕಟ್ಟಿದ್ದು ಥಾಯ್ಲೆಂಡಿನ ಸರ್ಕಾರಿ ವಿದ್ಯುತ್ ಸಂಸ್ಥೆ ಎಗಾಟ್. ಸಂಪುಟದ ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ. ವಿಶ್ವ ಬ್ಯಾಂಕ್ 1991ರಲ್ಲಿ ಸಾಲಕ್ಕೆ ಒಪ್ಪಿತು. ಮೊದಲ ಅಂದಾಜು 388 ಕೋಟಿ ಬಾತ್ ಇದ್ದದ್ದು ಕೊನೆಗೆ ಸುಮಾರು 650 ಕೋಟಿ ಬಾತ್ ಆಯಿತು.

ಒಂದು ವಿಷಯವನ್ನು ನ್ಯಾಯವಾಗಿ ಹೇಳಬೇಕು. ಮೊದಲ ಯೋಜನೆ ಇನ್ನೂ ದೊಡ್ಡದಿತ್ತು. ಅದು ಕೆಂಗ್ ತಾನಾದ ಮೇಲೆಯೇ ಬರಬೇಕಿತ್ತು. ಸುಮಾರು 4,000 ಮನೆಗಳು ಎದ್ದು ಹೋಗಬೇಕಿತ್ತು. ಆಮೇಲೆ ಜಾಗವನ್ನು ಒಂದೂವರೆ ಕಿಲೋಮೀಟರ್ ಮೇಲಕ್ಕೆ ಸರಿಸಿದರು, ನೀರಿನ ಮಟ್ಟವನ್ನೂ ತಗ್ಗಿಸಿದರು. ಕೆಂಗ್ ತಾನಾ ಉಳಿಯಿತು. ಮುಳುಗುವ ಮನೆಗಳ ಅಂದಾಜು 300ಕ್ಕಿಂತ ಕೆಳಗೆ ಬಂತು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ಆದರೆ ಕೊನೆಗೆ ಮನೆ, ಜಮೀನು ಅಥವಾ ಎರಡನ್ನೂ ಕಳೆದುಕೊಂಡ ಕುಟುಂಬಗಳು ಸುಮಾರು 1,700 ಎಂದು ಲೆಕ್ಕ ಸಿಕ್ಕಿತು.

ಮೀನಿನ ಲೆಕ್ಕ ತಪ್ಪಿದ್ದು ಇನ್ನೂ ಆಳದಲ್ಲಿ. ಪರಿಸರ ಪರಿಣಾಮದ ಅಧ್ಯಯನ ನಡೆದದ್ದು 1980ರ ದಶಕದ ಆರಂಭದಲ್ಲಿ, ಆ ಹಳೆಯ ಯೋಜನೆಗೆ. ಜಾಗ ಬದಲಾಯಿತು, ಎತ್ತರ ಬದಲಾಯಿತು, ಹೊಸ ಅಧ್ಯಯನ ಮಾತ್ರ ಆಗಲಿಲ್ಲ. ಜಲಾಶಯದ ಹರವು 60 ಚದರ ಕಿಲೋಮೀಟರ್. ಅದರಲ್ಲಿ ಮರಿ ಬಿಟ್ಟು ಸಾಕಿದರೆ ಹೆಕ್ಟೇರಿಗೆ ವರ್ಷಕ್ಕೆ 220 ಕೆಜಿ ಮೀನು ಸಿಗುತ್ತದೆ ಎಂದು ಆ ಅಧ್ಯಯನ ಬರೆದಿತ್ತು. ಅಂದರೆ ಅಣೆಕಟ್ಟಿನಿಂದ ಮೀನು ಹೆಚ್ಚಾಗುತ್ತದೆ ಅಂತ! ಇಂಥ ಹರಿವಿನ ಜಲಾಶಯಗಳಲ್ಲಿ ನಿಜವಾಗಿ ನಿರೀಕ್ಷಿಸಬಹುದಾದದ್ದು ಹೆಕ್ಟೇರಿಗೆ ಸುಮಾರು 10 ಕೆಜಿ ಎಂದು ಆಮೇಲೆ ವಿಶ್ವ ಅಣೆಕಟ್ಟು ಆಯೋಗದ (ದೊಡ್ಡ ಅಣೆಕಟ್ಟುಗಳ ಲಾಭ ನಷ್ಟ ಪರಿಶೀಲಿಸಿದ ಅಂತರರಾಷ್ಟ್ರೀಯ ಸಮಿತಿ) ಅಧ್ಯಯನ ಹೇಳಿತು. ಕೆರೆಯ ಲೆಕ್ಕವನ್ನು ತಂದು ನದಿಗೆ ಹಾಕಿದ್ದರು.

ಪಾಕ್ ಮುನ್ ಅನ್ನು 'ಹರಿವಿನ ಅಣೆಕಟ್ಟು' ಎಂದು ಕರೆಯುತ್ತಾರೆ. ತಿಂಗಳುಗಟ್ಟಲೆ ನೀರು ಕೂಡಿಡುವುದಿಲ್ಲ, ಬಂದ ನೀರನ್ನು ಹೆಚ್ಚು ಕಡಿಮೆ ಹಾಗೇ ಬಿಡುತ್ತದೆ ಎಂಬ ಅರ್ಥ. ಈ ಮಾತು ಕೇಳಿದರೆ ನದಿಗೆ ಏನೂ ಆಗಲ್ಲ ಅನ್ನಿಸುತ್ತದೆ. ನೀರಿನ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಮೀನಿಗೆ ಬೇಕಾದದ್ದು ಲೀಟರುಗಳ ಲೆಕ್ಕವಲ್ಲ. ಅದಕ್ಕೆ ನೀರಿನ ವೇಗ ಬೇಕು, ಆಳ ಬೇಕು, ತಳದ ಕಲ್ಲು ಬೇಕು, ಸರಿಯಾದ ಹೊತ್ತು ಬೇಕು. ಇವೆಲ್ಲವೂ ಬದಲಾದವು.

ಬಾಗಿಲು ಮುಚ್ಚಿದ ಮೇಲೆ

ಮೀನಿನ ಇಳಿಕೆ 1994ಕ್ಕೇ ಕಾಯಲಿಲ್ಲ. ಕಟ್ಟುವಾಗಲೇ ಬಂಡೆಗಳನ್ನು ಸಿಡಿಸಿದರು. ಆಗಿನಿಂದಲೇ ಸಿಗುವ ಮೀನು ಕಡಿಮೆ ಆಯಿತು ಎಂದು ಮೀನುಗಾರರು ಹೇಳಿದರು. ಎಗಾಟ್ ಕೂಡ 1995ರಲ್ಲಿ, ಕಟ್ಟುವ ಮೂರು ವರ್ಷಗಳ ನಷ್ಟಕ್ಕೆ ಎಂದು ಕುಟುಂಬಕ್ಕೆ 90,000 ಬಾತ್ ಪರಿಹಾರಕ್ಕೆ ಒಪ್ಪಿತು. 2000ನೇ ಇಸವಿಯ ಹೊತ್ತಿಗೆ ಹೀಗೆ ಪರಿಹಾರ ಪಡೆದ ಕುಟುಂಬಗಳು 6,202. ಯೋಜನೆಯ ಶುರುವಿನಲ್ಲಿ ಮೀನುಗಾರಿಕೆ ನಷ್ಟಕ್ಕೆ ಎಂದು ಒಂದು ಬಾತ್ ಕೂಡ ತೆಗೆದಿಟ್ಟಿರಲಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ವಿಶ್ವ ಅಣೆಕಟ್ಟು ಆಯೋಗ ಜಗತ್ತಿನ ಕೆಲವೇ ಅಣೆಕಟ್ಟುಗಳನ್ನು ಆರಿಸಿಕೊಂಡು ಆಳವಾಗಿ ನೋಡಿತು. ಅದರಲ್ಲಿ ಪಾಕ್ ಮುನ್ ಒಂದು. 2000ದಲ್ಲಿ ಬಂದ ಆ ಅಧ್ಯಯನದ ಪ್ರಕಾರ ಅಣೆಕಟ್ಟಿನ ಮೇಲ್ಭಾಗದಲ್ಲಿ ಸಿಕ್ಕ ಮೀನಿನ ಜಾತಿಗಳು 96. ಅಲ್ಲಿ ಬಲೆಗೆ ಬೀಳುವ ಮೀನಿನ ಪ್ರಮಾಣ 60ರಿಂದ 80 ಶೇಕಡಾ ಇಳಿದಿತ್ತು. ಕೆಂಗ್ ನೆಚ್ಚಿದ ಹಲವು ಜಾತಿಗಳು ಕಾಣೆಯಾಗಿದ್ದವು.

ಈ ಅಂಕಿಗಳನ್ನು ಎಗಾಟ್ ಒಪ್ಪಲಿಲ್ಲ. ಆ ತಕರಾರಿನಲ್ಲಿ ಸ್ವಲ್ಪ ಹುರುಳೂ ಇದೆ. ಮುನ್ ಜಲಾನಯನದಲ್ಲಿ ಕಾಡು ಕಡಿದದ್ದು, ಕಾರ್ಖಾನೆಯ ಕೊಳೆ, ಮೇಲಿನ ಇತರ ಅಣೆಗಳು ಎಲ್ಲವೂ ಮೀನನ್ನು ಮೊದಲೇ ತಿನ್ನುತ್ತಿದ್ದವು. ಆಯೋಗವೂ ಇದನ್ನು ಮುಚ್ಚಿಡಲಿಲ್ಲ. ಜೊತೆಗೆ, ಒಂದು ಸಮೀಕ್ಷೆಯಲ್ಲಿ ಮೀನು ಸಿಗಲಿಲ್ಲ ಎಂದರೆ ಅದು ಅಳಿದೇಹೋಯಿತು ಎಂದಲ್ಲ. ಹಾಗಾಗಿ 265ರಿಂದ 96 ಕಳೆದು ಉಳಿದ ಅಷ್ಟನ್ನೂ ಅಣೆಕಟ್ಟಿನ ಲೆಕ್ಕಕ್ಕೇ ಬರೆಯುವುದು ತಪ್ಪು. ಆದರೆ ಕಾಣೆಯಾದವು ಯಾವುವು ಎಂದು ನೋಡಿ. ಕೆಂಗ್‌ನಲ್ಲಿ ಬದುಕುವವು, ಮೆಕಾಂಗ್‌ನಿಂದ ಹತ್ತಿ ಬರುವವು. ಕಾರ್ಖಾನೆಯ ಕೊಳೆ ಹೀಗೆ ಆರಿಸಿ ಆರಿಸಿ ಕೊಲ್ಲುವುದಿಲ್ಲ. ನನ್ನ ಮಟ್ಟಿಗೆ ಒಟ್ಟು ಸಂಖ್ಯೆಗಿಂತ ಈ ಪಟ್ಟಿಯ ಸ್ವರೂಪವೇ ದೊಡ್ಡ ಸಾಕ್ಷಿ.

ಕೆಂಗ್ ಮೇಲೆ ಆಳದ ನೀರು ನಿಂತಾಗ ಏನಾಗುತ್ತದೆ? ರಭಸ ಹೋಯಿತು. ಹೂಳು ಬಂದು ಬಂಡೆಯ ಸಂದಿಗಳಲ್ಲಿ ಕೂತಿತು. ತಳಕ್ಕೆ ಬೆಳಕು ಕಡಿಮೆ, ಹಾಗಾಗಿ ಪಾಚಿ ಕಡಿಮೆ. ಪಾಚಿ ಕೆರೆದು ತಿನ್ನುವ ಮೀನಿಗೆ ಅಲ್ಲಿ ಕೆಲಸವೇ ಇಲ್ಲ. ನದಿಯ ಎಷ್ಟೋ ಮೀನುಗಳು ಮೊಟ್ಟೆಯನ್ನು ಹರಿವಿಗೇ ಬಿಡುತ್ತವೆ. ಮೊಟ್ಟೆ, ಹೊಸ ಮರಿ ಎರಡೂ ನೀರಿನ ಜೊತೆ ತೇಲುತ್ತಾ ಕೆಳಗಿನ ಮೇವಿನ ಜಾಗಕ್ಕೆ ತಲುಪಬೇಕು. ಹರಿವು ನಿಂತರೆ ಅವು ತಳಕ್ಕೆ ಕೂತು ಹೂಳಿನಲ್ಲಿ ಸಾಯುತ್ತವೆ. ಮೇಲಕ್ಕೆ ಹೋದ ದೊಡ್ಡ ಮೀನು ವಾಪಸ್ ಬರುವಾಗ ಇನ್ನೊಂದು ಗಂಡಾಂತರ. ಟರ್ಬೈನ್ ಮೂಲಕ ಹಾದರೆ ಒಂದೆರಡು ಕ್ಷಣದಲ್ಲಿ ನೀರಿನ ಒತ್ತಡ ಏರಿ ಇಳಿಯುತ್ತದೆ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಅದನ್ನು ತಡೆಯಲಾರದೆ ಒಡೆಯಬಹುದು. ಅಲಗಿನ ಏಟು ಬೇರೆ.

ಜೊತೆಗೆ ಜನರ ಕೈಯ ಸಲಕರಣೆಯೂ ಹೋಯಿತು. ಕೆಂಗ್‌ಗೆ ಹೆಣೆದ ಕೂಳಿ, ಬಲೆಗಳು ಜಲಾಶಯದ ಆಳದ ನೀರಿಗೆ ಒಗ್ಗಲಿಲ್ಲ. ಮೀನು ಇದ್ದ ಕಡೆಯೂ ಹಿಡಿಯಲು ಹೊಸ ಬಲೆ, ದೋಣಿ ಬೇಕಾಯಿತು. ತಲೆಮಾರುಗಳಿಂದ ಬಂದ ತಿಳಿವಳಿಕೆಗೆ ಇದ್ದಕ್ಕಿದ್ದ ಹಾಗೆ ಬೆಲೆ ಇಲ್ಲದಾಯಿತು.

ಏಣಿ

ಈಗ ಏಣಿಯ ಮಾತು. ಮೀನಿನ ಏಣಿ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಕಾಂಕ್ರೀಟ್ ತೊಟ್ಟಿಗಳ ಸಾಲು. ಮೇಲಿನ ತೊಟ್ಟಿಯಿಂದ ಕೆಳಗಿನದಕ್ಕೆ ನೀರು ಧುಮುಕುತ್ತಿರುತ್ತದೆ. ಮೀನು ಒಂದೊಂದೇ ತೊಟ್ಟಿ ಹಾರಿ ಅಥವಾ ಈಜಿ ಮೇಲಕ್ಕೆ ಹೋಗಬೇಕು. ಈ ಬಗೆಯ ಏಣಿ ಬೆಳೆದು ಬಂದದ್ದು ತಣ್ಣನೆಯ ದೇಶಗಳ ಸಾಲ್ಮನ್ ಮೀನಿಗಾಗಿ. ಸಾಲ್ಮನ್ ಬಲಶಾಲಿ, ಹಾರುವುದು ಅದರ ಹುಟ್ಟುಗುಣ. ಏಣಿಗೆ ಬರುವವು ಬಹುಪಾಲು ಬೆಳೆದ ಮೀನುಗಳು, ಗಾತ್ರ ಹೆಚ್ಚು ಕಡಿಮೆ ಒಂದೇ. ಜಾತಿಗಳೂ ಬೆರಳೆಣಿಕೆ.

ಮುನ್ ನದಿಗೆ ಬರುವವರು ಬೇರೆಯೇ ಬಳಗ. ವಲಸೆಯ 77 ಜಾತಿಗಳು. ಬೆರಳುದ್ದದ್ದೂ ಇದೆ, ಮನುಷ್ಯನ ಉದ್ದಕ್ಕೆ ಬರುವ ಮೀಸೆಮೀನೂ ಇದೆ. ಕೆಲವು ತಳಕ್ಕೆ ಅಂಟಿಕೊಂಡು ಹೋಗುತ್ತವೆ, ಕೆಲವು ನಡುನೀರಲ್ಲಿ. ಬಹಳಷ್ಟಕ್ಕೆ ಹಾರುವ ಅಭ್ಯಾಸವೇ ಇಲ್ಲ. ಬರುವುದೂ ಒಂದೊಂದಾಗಿ ಅಲ್ಲ, ಹಿಂಡು ಹಿಂಡಾಗಿ, ಕೆಲವೇ ದಿನಗಳಲ್ಲಿ ಮುಗಿಬಿದ್ದು. ಹೊಟ್ಟೆ ತುಂಬ ಮೊಟ್ಟೆ ಹೊತ್ತ ದಪ್ಪ ಮೀನಿಗೆ 17 ಮೀಟರ್ ಗೋಡೆಯ ಪಕ್ಕ ಇಕ್ಕಟ್ಟಾದ ತೊಟ್ಟಿಗಳನ್ನು ಹತ್ತು ಎಂದರೆ ಅದು ಎಲ್ಲಿ ಸಾಧ್ಯ?

ಅದಕ್ಕಿಂತ ಮೊದಲಿನ ತೊಡಕು ಇನ್ನೊಂದಿದೆ. ಮೀನು ಏಣಿಯ ಬಾಗಿಲನ್ನು ಹುಡುಕಬೇಕು. ಮೀನು ಕಣ್ಣಿನಿಂದ ಹುಡುಕುವುದಿಲ್ಲ, ಹರಿವಿನ ಸೆಳೆತಕ್ಕೆ ಎದುರಾಗಿ ಹೋಗುತ್ತದೆ. ಅಣೆಕಟ್ಟಿನ ಕೆಳಗೆ ದೊಡ್ಡ ಸೆಳೆತ ಇರುವುದು ಟರ್ಬೈನ್ ಹಾಗೂ ಗೇಟುಗಳ ಮುಂದೆ. ಏಣಿಯಿಂದ ಬರುವುದು ತೆಳು ಧಾರೆ. ಹಿಂಡು ದೊಡ್ಡ ನೀರಿನ ಮುಂದೆ ಹೋಗಿ ಅಲ್ಲೇ ಸುತ್ತುತ್ತದೆ. ದಣಿಯುತ್ತದೆ. ಮೊಟ್ಟೆ ಇಡುವ ಹೊತ್ತು ಮೀರುತ್ತದೆ. ಏಣಿ ಖಾಲಿ ಇರುತ್ತದೆ.

ಏಣಿ ಕೆಲಸ ಮಾಡುತ್ತಿಲ್ಲ, ಮೀನಿನ ವಲಸೆಗೆ ದಾರಿ ಆಗುತ್ತಿಲ್ಲ ಎಂದು ಆಯೋಗದ ಅಧ್ಯಯನ ನೇರವಾಗಿ ಬರೆಯಿತು. ಆದರೆ ನಾನು ಒತ್ತಿ ಹೇಳಬೇಕೆಂದಿರುವುದು ಇದರ ಮುಂದಿನ ಮಾತು. ಏಣಿ ಚೆನ್ನಾಗಿಯೇ ಕೆಲಸ ಮಾಡಿತು ಎಂದುಕೊಳ್ಳೋಣ. ಎಲ್ಲ ಮೀನೂ ಹತ್ತಿದವು. ಹತ್ತಿ ಎಲ್ಲಿಗೆ ಹೋದವು? ನಿಂತ ನೀರಿಗೆ. ಅವು ಹುಡುಕಿ ಬಂದ ಕೆಂಗ್ ಹಲವು ಮೀಟರ್ ಆಳದಲ್ಲಿ ಹೂಳಿನ ಕೆಳಗಿದೆ. ಮುಂದೆ ದಾರಿ ತೋರುವ ಹರಿವಿಲ್ಲ. ಅವುಗಳ ಮರಿಗಳಿಗೆ ತೇಲಿ ಬರುವ ನೀರಿಲ್ಲ. ಏಣಿ ಕೊಟ್ಟದ್ದು ಬಾಗಿಲು. ಮೀನು ಕಳೆದುಕೊಂಡದ್ದು ಮನೆ.

ಏಣಿಗಳೆಲ್ಲ ಸುಮ್ನೆ ದಂಡ ಎಂದು ನಾನು ಹೇಳುತ್ತಿಲ್ಲ. ಲಾವೋಸ್‌ನ ಪಾಕ್ ಪೆಂಗ್ ಎಂಬಲ್ಲಿ, ಮೆಕಾಂಗ್ ಪಕ್ಕದ ಜೌಗಿಗೆ ಅಡ್ಡ ಬಂದ ತಗ್ಗು ತಡೆಗೋಡೆಗೆ ಅಲ್ಲಿನ ಮೀನುಗಳನ್ನೇ ತೊಟ್ಟಿಗಳಲ್ಲಿ ಪರೀಕ್ಷಿಸಿ ಹೊಸ ಬಗೆಯ ದಾರಿ ಮಾಡಿದರು. ಹತ್ತಾರು ಜಾತಿಯ ಮೀನು ಅದರಲ್ಲಿ ಹಾದುಹೋದವು. ಅಲ್ಲಿ ಎತ್ತರ ಕೆಲವೇ ಮೀಟರ್. ದಾಟಿದ ಮೇಲೆ ಮೀನಿಗೆ ಬೇಕಾದ ಜೌಗು ಅಲ್ಲೇ ಇತ್ತು. ಪಾಕ್ ಮುನ್‌ನಲ್ಲಿ ಈ ಎರಡೂ ಇರಲಿಲ್ಲ.

ಏಣಿ ಸೋತ ಮೇಲೆ ಜಲಾಶಯಕ್ಕೆ ಸಿಗಡಿ ಮರಿ ಬಿಟ್ಟರು. ದೊಡ್ಡ ಜಾತಿಯ ಸಿಹಿನೀರಿನ ಸಿಗಡಿ, ಬೆಲೆ ಬಾಳುವಂಥದ್ದು. ಅದು ಬೆಳೆಯುತ್ತದೆ, ಆದರೆ ಅದರ ಮರಿಗೆ ಮೊದಲ ವಾರಗಳಲ್ಲಿ ಉಪ್ಪು ಬೆರೆತ ನೀರು ಬೇಕು. ಸಮುದ್ರ ಅಲ್ಲಿಂದ ನೂರಾರು ಕಿಲೋಮೀಟರ್ ದೂರ. ಹಾಗಾಗಿ ಜಲಾಶಯದಲ್ಲಿ ಅದರ ಸಂತಾನ ಮುಂದುವರಿಯುವುದೇ ಇಲ್ಲ. ಪ್ರತಿ ವರ್ಷ ಮರಿ ತಂದು ಸುರಿಯಬೇಕು. ನದಿ ತಾನೇ ಕೊಡುತ್ತಿದ್ದದ್ದಕ್ಕೆ ಬದಲಾಗಿ, ನಾವು ಸುರಿದಷ್ಟೇ ಕೊಡುವ ನೀರು ಬಂತು.

ಬಾಗಿಲು ತೆರೆದ ವರ್ಷ

1999ರ ಮಾರ್ಚ್‌ನಲ್ಲಿ ಸಾವಿರಾರು ಹಳ್ಳಿಗರು ಅಣೆಕಟ್ಟಿನ ಬಳಿಯೇ ಗುಡಿಸಲು ಹಾಕಿ ಕೂತರು. ಆ ಬಿಡಾರಕ್ಕೆ 'ಮೇ ಮುನ್ ಮನ್ ಯೂನ್' ಎಂದು ಹೆಸರಿಟ್ಟರು. 'ಮೇ ಮುನ್' ಅಂದರೆ ಮುನ್ ತಾಯಿ. ಹೋರಾಟ ಬ್ಯಾಂಕಾಕ್‌ನ ಸರ್ಕಾರಿ ಕಚೇರಿಗಳ ಮುಂದಕ್ಕೂ ಹೋಯಿತು. ಕೊನೆಗೆ 2001ರ ಜೂನ್‌ನಲ್ಲಿ ಸರ್ಕಾರ ಗೇಟುಗಳನ್ನು ತೆರೆಯಿತು. ಮೊದಲು ನಾಲ್ಕು ತಿಂಗಳಿಗೆ, ಆಮೇಲೆ ಅದನ್ನು ಒಂದು ವರ್ಷಕ್ಕೆ ಹಿಗ್ಗಿಸಿತು. ಈ ವರ್ಷದಲ್ಲಿ ಏನಾಗುತ್ತದೆ ನೋಡಿ ಎಂದು ಉಬೋನ್ ರಾಚಥಾನಿ ವಿಶ್ವವಿದ್ಯಾಲಯಕ್ಕೆ ಅಧ್ಯಯನ ವಹಿಸಿತು.

ಹಳ್ಳಿಗರು ತಮ್ಮದೇ ಅಧ್ಯಯನ ಶುರು ಮಾಡಿದರು. ಅದಕ್ಕೆ 'ಥಾಯ್ ಬಾನ್' ಸಂಶೋಧನೆ ಎಂದು ಹೆಸರು. ಅಂದರೆ ಹಳ್ಳಿಗರ ಸಂಶೋಧನೆ. ಇಲ್ಲಿ ಸಂಶೋಧಕರು ಮೀನುಗಾರರೇ. ಹೊರಗಿನ ಕಾರ್ಯಕರ್ತರ ಕೆಲಸ ಬರೆದುಕೊಳ್ಳುವುದು, ಚಿತ್ರ ತೆಗೆಯುವುದು, ಅಷ್ಟೇ. ಯಾವ ಮೀನು ಬಂತು, ಯಾವ ತಿಂಗಳು, ಕೆಂಗ್‌ನಲ್ಲೋ ಮಡುವಿನಲ್ಲೋ, ಏನು ತಿನ್ನುತ್ತದೆ, ಯಾವ ಬಲೆಗೆ ಬಿತ್ತು, ಎಲ್ಲವನ್ನೂ ದಾಖಲು ಮಾಡಿದರು. ಹೆಸರು ಊರಿನ ಹೆಸರೇ. ಮೀನನ್ನು ಕೈಯಲ್ಲಿ ಹಿಡಿದು, ಹಿರಿಯರು ಕೂತು ಮಾತಾಡಿ, ಒಪ್ಪಿದ ಮೇಲೆ ಪಟ್ಟಿಗೆ ಸೇರಿಸುತ್ತಿದ್ದರು. ಇದನ್ನು ನಾನು ಮನಸ್ಸಾರೆ ಮೆಚ್ಚುತ್ತೇನೆ. ಮೊದಲ ಪರಿಸರ ಅಧ್ಯಯನಕ್ಕೆ ಸಿಗದೆ ಹೋದದ್ದು ಈ ತಿಳಿವಳಿಕೆಯೇ. ಅದು ನದಿಯ ದಂಡೆಯಲ್ಲೇ ಇತ್ತು, ಕೇಳಿದವರಿರಲಿಲ್ಲ.

ನೀರು ಇಳಿಯಿತು. ಬೇಸಿಗೆಯಲ್ಲಿ ಬಂಡೆಗಳು ಮತ್ತೆ ತಲೆ ಎತ್ತಿದವು. ಕೆಂಗ್‌ಗಳ ಮೇಲೆ ಮತ್ತೆ ಹರಿವು ಬಂತು, ಹೂಳು ಸ್ವಲ್ಪ ಸ್ವಲ್ಪವಾಗಿ ತೊಳೆದುಹೋಯಿತು. ಮೆಕಾಂಗ್‌ನಿಂದ ಮೀನು ಹತ್ತಿದವು. ಥಾಯ್ ಬಾನ್ ಪಟ್ಟಿಯಲ್ಲಿ ದಾಖಲಾದ ಜಾತಿಗಳು 156. ಮೂಲೆ ಸೇರಿದ್ದ ಕೂಳಿಗಳು ಮತ್ತೆ ನೀರಿಗೆ ಬಂದವು. ದುಡಿಯಲು ಪಟ್ಟಣ ಸೇರಿದ್ದವರಲ್ಲಿ ಕೆಲವರು ಊರಿಗೆ ಬಂದರು.

ಹಿಂದಿನ 96ಕ್ಕೂ ಈ 156ಕ್ಕೂ ನೇರವಾಗಿ ತಾಳೆ ಹಾಕಬಾರದು. ಒಂದು ವಿಜ್ಞಾನಿಗಳ ಸಮೀಕ್ಷೆ, ಇನ್ನೊಂದು ಇಡೀ ವರ್ಷ ನೂರಾರು ಕೈಗಳು ಹಿಡಿದು ನೋಡಿದ್ದು. ಜಾಸ್ತಿ ಹುಡುಕಿದಷ್ಟೂ ಜಾಸ್ತಿ ಸಿಗುತ್ತದೆ. ಆದರೂ ದಿಕ್ಕಿನ ಬಗ್ಗೆ ಅನುಮಾನ ಬೇಡ. ಏಳು ವರ್ಷ ಕಾಣದಿದ್ದ ವಲಸೆ ಮೀನುಗಳು ಬಂದವು, ಅದೂ ಮೊದಲ ಮಳೆಗಾಲದಲ್ಲೇ.

ಇಷ್ಟು ಬೇಗ ಹೇಗೆ ಸಾಧ್ಯವಾಯಿತು? ಬಂದದ್ದು ಮುನ್ ನದಿಯಲ್ಲಿ ಹೊಸದಾಗಿ ಹುಟ್ಟಿದ ಮೀನಲ್ಲ. ಒಂದು ವರ್ಷದಲ್ಲಿ ದೊಡ್ಡ ಗೆಂಡೆ, ದೊಡ್ಡ ಮೀಸೆಮೀನು ಬೆಳೆಯುವುದಿಲ್ಲ. ಅವು ಮೆಕಾಂಗ್‌ನಲ್ಲಿ ಉಳಿದುಕೊಂಡಿದ್ದ ಮೀನು. ಬಾಗಿಲಿನ ಆಚೆ ಕಾಯುತ್ತಿದ್ದವು ಎಂದರೂ ಸರಿಯೇ. ದೊಡ್ಡ ನದಿಯಲ್ಲಿ ಬೀಜ ಉಳಿದಿದ್ದರಿಂದ ಉಪನದಿ ಮತ್ತೆ ಚಿಗುರಿತು. ಪಾಕ್ ಮುನ್‌ನ ಭರವಸೆ ಪಾಕ್ ಮುನ್‌ನಲ್ಲಿ ಇರಲಿಲ್ಲ, ಮೆಕಾಂಗ್‌ನಲ್ಲಿತ್ತು.

ವಿದ್ಯುತ್ತಿನ ಲೆಕ್ಕ

ಬಾಗಿಲು ತೆರೆದಿಟ್ಟರೆ ವಿದ್ಯುತ್ ಇಲ್ಲ. ಅದು ನಿಜವಾದ ಬೆಲೆಯೇ. ಆದರೆ ಎಷ್ಟು?

ಈ ಅಣೆಕಟ್ಟಿಗೆ ಒಂದು ವಿಚಿತ್ರ ಕಷ್ಟ ಇದೆ. ವಿದ್ಯುತ್ ಬರುವುದು ಮೇಲಿನ ನೀರಿಗೂ ಕೆಳಗಿನ ನೀರಿಗೂ ಇರುವ ಎತ್ತರದ ಅಂತರದಿಂದ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿ ಬಂದು ಅಣೆಕಟ್ಟಿನ ಕೆಳಗಿನ ನೀರು ಮೇಲೇರುತ್ತದೆ. ಅಂತರ ಕರಗುತ್ತದೆ, ಟರ್ಬೈನ್ ನಿಲ್ಲಿಸಬೇಕಾಗುತ್ತದೆ. ಬೇಸಿಗೆಯಲ್ಲಿ ಅಂತರ ಇದೆ, ಆದರೆ ಮುನ್‌ನಲ್ಲಿ ನೀರು ಸಾಲದು. ಬೇಡಿಕೆ ಜಾಸ್ತಿ ಇರುವ ನಾಲ್ಕು ಗಂಟೆಗಳಿಗೆ ಖಾತ್ರಿಯಾಗಿ ನಂಬಬಹುದಾದ ಸಾಮರ್ಥ್ಯ ಸುಮಾರು 21 ಮೆಗಾವಾಟ್ ಎಂದು ಆಯೋಗದ ಅಧ್ಯಯನ ಲೆಕ್ಕ ಹಾಕಿತು. ಫಲಕದ ಮೇಲೆ ಇರುವುದು 136. ಈ ಲೆಕ್ಕದ ವಿಧಾನವನ್ನೂ ಎಗಾಟ್ ಪ್ರಶ್ನಿಸಿತು. ಆದರೆ ಮೆಕಾಂಗ್ ಉಕ್ಕಿದಾಗ ಟರ್ಬೈನ್ ನಿಲ್ಲುತ್ತದೆ ಎಂಬುದು ವಾದದ ವಿಷಯವೇ ಅಲ್ಲ. ನೀರು ಏರುವ ಕಾಲವೇ ಮೀನು ಹತ್ತುವ ಕಾಲ. ವಿದ್ಯುತ್ತಿಗೆ ಬೇಡದ ದಿನಗಳೂ ಮೀನಿಗೆ ಬೇಕಾದ ದಿನಗಳೂ ಒಂದರ ಮೇಲೊಂದು ಬೀಳುತ್ತವೆ. ಎಲ್ಲ ಅಣೆಕಟ್ಟಿಗೂ ಇಂಥ ಅನುಕೂಲ ಇರುವುದಿಲ್ಲ.

ವಿಶ್ವವಿದ್ಯಾಲಯದ ಅಧ್ಯಯನ ಗೇಟುಗಳನ್ನು ವರ್ಷವಿಡೀ ತೆರೆದಿಡುವುದರ ಪರವಾಗಿ ನಿಂತಿತು. ಸರ್ಕಾರ 2002ರಲ್ಲಿ ಬೇರೆ ದಾರಿ ಹಿಡಿಯಿತು. ವರ್ಷಕ್ಕೆ ನಾಲ್ಕು ತಿಂಗಳು ತೆರೆ, ಎಂಟು ತಿಂಗಳು ಮುಚ್ಚು. ದಂಡೆಯ ಜನರೆಲ್ಲ ಒಂದೇ ದನಿಯಲ್ಲಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ಜಲಾಶಯದಿಂದ ಪಂಪ್ ಮಾಡಿ ಬೆಳೆ ತೆಗೆಯುವವರಿಗೆ, ಪಂಜರದಲ್ಲಿ ಮೀನು ಸಾಕುವವರಿಗೆ ನೀರು ನಿಂತಿರುವುದೇ ಬೇಕಿತ್ತು.

ನಾಲ್ಕು ತಿಂಗಳು ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಆದರೆ ಮೀನಿನ ಕಡೆಯಿಂದ ನೋಡಿದರೆ ಲೆಕ್ಕ ಕೂಡುವುದಿಲ್ಲ. ಹತ್ತುವ ಮೊದಲ ಹಿಂಡುಗಳು ಕಚೇರಿಯ ತಾರೀಕಿಗೆ ಕಾಯುವುದಿಲ್ಲ, ಮಳೆಗೆ ಕಾಯುತ್ತವೆ. ಮಳೆ ಬೇಗ ಬಂದು ಗೇಟು ತಡವಾಗಿ ತೆರೆದರೆ ಆ ಹಿಂಡು ಗೋಡೆಯ ಕೆಳಗೇ ಸಿಕ್ಕಿಬೀಳುತ್ತದೆ. ಬೇಸಿಗೆಯಲ್ಲಿ ಓಡಾಡುವ ಸಣ್ಣ ಮೀನಿಗೆ ಬಾಗಿಲೇ ಇಲ್ಲ. ಕೆಂಗ್ ನಾಲ್ಕು ತಿಂಗಳು ಹರಿವು ಕಂಡು ಎಂಟು ತಿಂಗಳು ಮುಳುಗಿದರೆ ಬಂಡೆಯ ಮೇಲೆ ಕಟ್ಟಿದ ಪಾಚಿ, ಹುಳ ಮತ್ತೆ ಹೂಳಿನಡಿ ಹೋಗುತ್ತವೆ. ಪ್ರತಿ ವರ್ಷ ಮೊದಲಿನಿಂದ ಶುರು. ಗೇಟು ಯಾವ ದಿನ ತೆರೆಯಬೇಕು ಎಂಬ ಜಗಳ ಆಮೇಲೂ ವರ್ಷ ವರ್ಷ ನಡೆಯಿತು.

ಈ ನಡುವೆ ಮೆಕಾಂಗ್ ಕೂಡ ಮೊದಲಿನ ಹಾಗೆ ಉಳಿದಿಲ್ಲ. ಲಾವೋಸ್‌ನಲ್ಲಿ ಮುಖ್ಯ ನದಿಗೇ ಅಡ್ಡವಾಗಿ ಕಟ್ಟಿದ 1,285 ಮೆಗಾವಾಟ್‌ನ ಸಯಾಬುರಿ ಅಣೆಕಟ್ಟು 2019ರಲ್ಲಿ ಕೆಲಸ ಶುರು ಮಾಡಿತು. ಅದು ಮುನ್ ಸಂಗಮಕ್ಕಿಂತ ಬಹಳ ಮೇಲಿದೆ. ಸಂಗಮದ ಕೆಳಗೆ, ಕಾಂಬೋಡಿಯಾ ಗಡಿಯ ಖೋನ್ ಜಲಪಾತದ ಕವಲೊಂದರಲ್ಲಿ ಡಾನ್ ಸಹೋಂಗ್ ಅಣೆಕಟ್ಟು 2020ರಲ್ಲಿ ಶುರುವಾಯಿತು. ಬೇಸಿಗೆಯಲ್ಲೂ ಮೀನು ಸುಲಭವಾಗಿ ಹತ್ತುತ್ತಿದ್ದ ಕವಲು ಅದು. ಬದಲಿಗೆ ಪಕ್ಕದ ಕವಲುಗಳ ಬಂಡೆ ಕೆತ್ತಿ ದಾರಿ ಸಲೀಸು ಮಾಡಿದ್ದಾರೆ. ಆ ದಾರಿಯಲ್ಲಿ ಎಷ್ಟು ಮೀನು ಹತ್ತುತ್ತವೆ ಎಂಬುದನ್ನು ಮುನ್ ದಂಡೆಯವರೂ ಗಮನವಿಟ್ಟು ನೋಡಬೇಕು. ಕೆಳಗಿನಿಂದ ಬರುವ ಹಿಂಡುಗಳು ಖೋನ್ ದಾಟಿದರೆ ಮಾತ್ರ ಪಾಕ್ ಮುನ್‌ನ ಗೇಟಿನವರೆಗೆ ಬರುತ್ತವೆ. 2001ರ ಜೂನ್‌ನಲ್ಲಿ ಗೇಟು ಎತ್ತಿದಾಗ ಆಚೆ ಮೀನು ಇತ್ತು.